ಅಂಜದೀವ: ಒಂದು ಕಿರುದ್ವೀಪವೂ ಜನರ ಸ್ವನಿರ್ಣಯದ ಹಕ್ಕೂ

ಕಾರವಾರದ ಬಿಣಗಾ ತೀರದಿಂದ ಬರಿಗಣ್ಣಿಗೆ ಕಾಣುವ ಅಂಜದೀವ ದ್ವೀಪವು ಆಡಳಿತದಲ್ಲಿ ಇಂದಿಗೂ ಗೋವೆಗೆ ಸೇರಿದೆ. ಈ ಪುಟ್ಟ ನೆಲವು ದೂರದ ಲಿಸ್ಬನ್ನಿನ ಅರಸರ ಸ್ವತ್ತಾದದ್ದು ಹೇಗೆ ಎಂಬ ಪ್ರಶ್ನೆ ಚರಿತ್ರೆಗೆ ಮಾತ್ರವಲ್ಲ, ದೈವಶಾಸ್ತ್ರಕ್ಕೂ ಸಂಬಂಧಿಸಿದ್ದು.

1455ರಲ್ಲಿ ಜಗದ್ಗುರು ಐದನೆಯ ನಿಕೋಲಾಸರು ಹೊರಡಿಸಿದ ‘ರೊಮಾನುಸ್ ಪೊಂತಿಫೆಕ್ಸ್’ ಶಾಸನವು ಕ್ರೈಸ್ತೇತರರ ನಾಡುಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪೋರ್ಚುಗಲ್ಲಿನ ಅರಸನಿಗೆ ನೀಡಿತು. 1498ರಲ್ಲಿ ವಾಸ್ಕೊ ಡ ಗಾಮ ಅಂಜದೀವದಲ್ಲಿ ಲಂಗರು ಹಾಕಿದನು. 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದನು. ಬ್ರೋತಸ್ ಮಾತೆಯ ದೇವಾಲಯವೂ ಅಲ್ಲಿ ನೆಲೆಗೊಂಡಿತು. ಆ ಕಾಲದಲ್ಲಿ ನಾಡುಗಳು ವರದಕ್ಷಿಣೆಯಾಗಿಯೂ ಕೈ ಬದಲಿಸುತ್ತಿದ್ದವು. ಹಾಗೆ ದೊರೆತ ಮುಂಬಯಿಯನ್ನು ಪಡೆಯಲು 1662ರಲ್ಲಿ ಬಂದ ಆಂಗ್ಲ ಸೈನಿಕರು, ಹಸ್ತಾಂತರಕ್ಕೆ ಪೋರ್ಚುಗೀಸ್ ಅಧಿಕಾರಿಗಳು ಒಪ್ಪದಿದ್ದಾಗ ಅಂಜದೀವದಲ್ಲಿ ಕಾಯಬೇಕಾಯಿತು. ಸುಮಾರು 400 ಮಂದಿಯಲ್ಲಿ ಬಹುಪಾಲು ಜನರೂ ಅವರ ನಾಯಕ ಅಬ್ರಹಾಂ ಶಿಪ್‌ಮನ್ನನೂ ಅಲ್ಲಿಯೇ ಮಡಿದರು. ಮುಂಬಯಿಯ ನಿವಾಸಿಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನವನ್ನು ತಿದ್ದಿ, ವಸಾಹತುಗಳನ್ನು ‘ಸಾಗರೋತ್ತರ ಪ್ರಾಂತ್ಯಗಳು’ ಎಂದು ಕರೆಯಿತು. ಹೆಸರು ಬದಲಾದರೂ ಆಳ್ವಿಕೆ ಬದಲಾಗಲಿಲ್ಲ. 1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆಯು ಎಲ್ಲ ಜನಾಂಗಗಳಿಗೂ ಸ್ವನಿರ್ಣಯದ ಹಕ್ಕಿದೆಯೆಂದು ಘೋಷಿಸಿತು. ಮರುದಿನವೇ ಗೋವೆಯನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳ ಸಾಲಿಗೆ ಸೇರಿಸಿತು. 1961ರ ನವೆಂಬರಿನಲ್ಲಿ ಅಂಜದೀವದಿಂದ ಹಾರಿದ ಗುಂಡುಗಳಿಗೆ ಬಡ ಮೀನುಗಾರನೊಬ್ಬನು ಬಲಿಯಾದನು. ಡಿಸೆಂಬರ್ 18ರಂದು ಭಾರತೀಯ ನೌಕಾಪಡೆ ದ್ವೀಪಕ್ಕೆ ಇಳಿದಾಗ ನಮ್ಮ ಏಳು ನಾವಿಕರು ಪ್ರಾಣ ತೆತ್ತರು.

1967ರ ಜನವರಿ 16ರಂದು ಗೋವೆಯ ಜನರು ಮತದಾನ ಮಾಡಿ, ಮಹಾರಾಷ್ಟ್ರದಲ್ಲಿ ವಿಲೀನವಾಗುವುದನ್ನು ನಿರಾಕರಿಸಿದರು. ಆಯ್ಕೆಗಳು ಎರಡೇ ಆಗಿದ್ದರೂ ಜನರ ಇಚ್ಛೆಯನ್ನು ನೇರವಾಗಿ ಕೇಳಿದ ಆ ದಿನವು ಸ್ಮರಣೀಯ. ಅನಂತರ ಅಂಜದೀವವು ನೌಕಾನೆಲೆಯ ಭಾಗವಾಯಿತು. ಯಾತ್ರಿಕರಿಗೆ ಅದರ ಬಾಗಿಲು ಮುಚ್ಚಿತು. ಆ ನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ ಮಠ ತೊರೆದವು. ದೇಶದ ರಕ್ಷಣೆ ಅಗತ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಳುವವರು ನಮ್ಮವರೇ ಆದ ಮಾತ್ರಕ್ಕೆ ನೆಲದ ಜನರನ್ನು ಕೇಳುವ ಹೊಣೆ ತೀರುವುದಿಲ್ಲ.

2023ರ ಮಾರ್ಚ್ 30ರಂದು ವ್ಯಾಟಿಕನ್ ‘ಅನ್ವೇಷಣೆಯ ಸಿದ್ಧಾಂತ’ವನ್ನು ತಿರಸ್ಕರಿಸಿ, ಆ ಹಳೆಯ ಶಾಸನಗಳು ಮೂಲನಿವಾಸಿಗಳ ಸಮಾನ ಘನತೆಯನ್ನು ಸರಿಯಾಗಿ ಪ್ರತಿಬಿಂಬಿಸಲಿಲ್ಲವೆಂದು ಒಪ್ಪಿಕೊಂಡಿತು. ಆದುದರಿಂದ ಗುರುಮಠಗಳಲ್ಲಿ ಪ್ರೇಷಿತಕಾರ್ಯದ ಚರಿತ್ರೆಯನ್ನು ಬೋಧಿಸುವಾಗ ಹಡಗುಗಳ ಜೊತೆಗೆ ಬಂದ ಶುಭಸಂದೇಶವನ್ನೂ, ಅದೇ ಹಡಗುಗಳು ತಂದ ಅನ್ಯಾಯವನ್ನೂ ಒಟ್ಟಿಗೆ ಓದುವುದು ನಮ್ಮ ಕರ್ತವ್ಯ. ನಾಬೋತನ ದ್ರಾಕ್ಷಾತೋಟ ಚಿಕ್ಕದೆಂದು ಪ್ರವಾದಿ ಎಲೀಯನು ಸುಮ್ಮನಿರಲಿಲ್ಲ. ದ್ವೀಪ ಚಿಕ್ಕದಾದರೂ ಅದರ ಜನರ ಪರವಾಗಿ ಮಾತನಾಡುವ ಹೊಣೆ ಧರ್ಮಸಭೆಗೆ ಚಿಕ್ಕದಾಗಬಾರದು.