ಉರುಳಿದ ಕಲ್ಲುಗಳು ಹೇಳಿದ ಸಾಕ್ಷಿ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಿಮಗೆ ಗೊತ್ತು. ಛಾಯಾಚಿತ್ರ ಕಂಡಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ. ಬೆಳಕು ತಾನಾಗಿ ಮೂಡಿಸಿದ ಬಿಂಬ ಸುಳ್ಳು ಹೇಳುವುದುಂಟೆ ಎಂದುಕೊಳ್ಳುತ್ತೇವೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಒಂದು ಜೋಡಿ ಚಿತ್ರಗಳ ಇತಿಹಾಸವನ್ನು ಇಲ್ಲಿ ನೋಡೋಣ.

1855ರಲ್ಲಿ ಬ್ರಿಟನ್ ಮತ್ತು ಅದರ ಮಿತ್ರಸೇನೆಗಳು ಕ್ರಿಮಿಯಾದ ಸೆವಾಸ್ತೊಪೋಲ್ ನಗರಕ್ಕೆ ಮುತ್ತಿಗೆ ಹಾಕಿದ್ದವು. ಮ್ಯಾಂಚೆಸ್ಟರಿನ ಪ್ರಕಾಶಕ ಥಾಮಸ್ ಆಗ್ನ್ಯೂ ಪರವಾಗಿ ರೋಜರ್ ಫೆಂಟನ್ ಎಂಬ ಛಾಯಾಗ್ರಾಹಕ ಅಲ್ಲಿಗೆ ಹೋದ. ಮದ್ಯದ ವ್ಯಾಪಾರಿಯೊಬ್ಬನಿಂದ ಕೊಂಡ ಕುದುರೆಗಾಡಿಯೇ ಅವನ ಕತ್ತಲೆ ಕೋಣೆ. ಅಂದಿನದು ಒದ್ದೆ ಕೊಲೋಡಿಯನ್ ವಿಧಾನ. ಗಾಜಿನ ಫಲಕಕ್ಕೆ ಕೊಲೋಡಿಯನ್ ಲೇಪಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು.

ಫಲಕವನ್ನು ಹಲವು ಸೆಕೆಂಡುಗಳ ಕಾಲ ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ ಓಡುವ ಕುದುರೆ, ನುಗ್ಗುವ ಸೈನಿಕ ಸ್ಪಷ್ಟವಾಗಿ ಮೂಡುವಂತಿರಲಿಲ್ಲ. ಲೇಪವು ನೀಲಿ ಮತ್ತು ಅತಿನೇರಿಳೆ ಕಿರಣಗಳಿಗೆ ಸ್ಪಂದಿಸುತ್ತಿತ್ತೇ ಹೊರತು ಕೆಂಪಿಗಲ್ಲ. ಹೀಗಾಗಿ ನೀಲಿ ಆಕಾಶ ಬಿಳಿಯಾಗಿಯೂ ಕೆಂಪು ಸಮವಸ್ತ್ರ ಕಪ್ಪಾಗಿಯೂ ಕಾಣುತ್ತಿತ್ತು. ಇದು ಉಪಕರಣದ ಪಕ್ಷಪಾತ. ಇದಕ್ಕೆ ಮನುಷ್ಯನ ಆಯ್ಕೆಯೂ ಸೇರಿತು. ಫೆಂಟನ್ ತೆಗೆದ ಸುಮಾರು 360 ಚಿತ್ರಗಳಲ್ಲಿ ಅಧಿಕಾರಿಗಳು, ಶಿಬಿರಗಳು, ಬಂದರು ಇವೆ; ಹತರಾದವರ ಶವಗಳಿಲ್ಲ.

ಏಪ್ರಿಲ್ 23ರಂದು ಅವನು 'ಸಾವಿನ ನೆರಳಿನ ಕಣಿವೆ' ಎಂದು ಹೆಸರಾದ ತಗ್ಗಿನಲ್ಲಿ, ಒಂದೇ ಸ್ಥಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಎರಡು ಚಿತ್ರ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳು ರಸ್ತೆಯ ಪಕ್ಕದಲ್ಲಿವೆ, ರಸ್ತೆ ಖಾಲಿ. ಇನ್ನೊಂದರಲ್ಲಿ ರಸ್ತೆಯ ಮೇಲೂ ಗುಂಡುಗಳು ಚೆಲ್ಲಿವೆ. ಪ್ರಸಿದ್ಧವಾದುದು ಈ ಎರಡನೆಯ ಬಗೆಯದು.

ಇವುಗಳಲ್ಲಿ ಮೊದಲು ತೆಗೆದದ್ದು ಯಾವುದು? ಚಿತ್ರ ಭೀಕರವಾಗಿ ಕಾಣಲೆಂದು ಫೆಂಟನ್ನೇ ನಿಂತು ಗುಂಡುಗಳನ್ನು ರಸ್ತೆಗೆ ಹರಡಿಸಿದನೆಂದು ಲೇಖಕಿ ಸೂಸನ್ ಸಾಂಟಾಗ್ 2003ರ ತಮ್ಮ ಪುಸ್ತಕದಲ್ಲಿ ಬರೆದರು. ಇದಕ್ಕೆ ಆಧಾರವೇನು ಎಂದು ಕೇಳಿದವರು ಸಾಕ್ಷ್ಯಚಿತ್ರ ನಿರ್ದೇಶಕ ಎರಲ್ ಮಾರಿಸ್. ಅವರು ತಜ್ಞರನ್ನು ವಿಚಾರಿಸಿದರು. ಫೆಂಟನ್ನನ ಸ್ವಭಾವವನ್ನು ಊಹಿಸಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಮಾರಿಸ್ ಕ್ರಿಮಿಯಾಕ್ಕೇ ಹೋಗಿ ಸ್ಥಳವನ್ನು ಪರಿಶೀಲಿಸಿದರು. ಗುಂಡುಗಳ ಮೇಲಿನ ನೆರಳನ್ನು ಅಳೆದು ಹೊತ್ತನ್ನು ನಿರ್ಧರಿಸುವ ಪ್ರಯತ್ನವೂ ನಡೆಯಿತು. ಒಮ್ಮತ ಮೂಡಲಿಲ್ಲ.

ಕೊನೆಗೆ ಉತ್ತರ ದೊರೆತದ್ದು ಯಾರೂ ಲಕ್ಷಿಸದಿದ್ದ ವಸ್ತುಗಳಿಂದ. ಡೆನಿಸ್ ಪರ್ಸೆಲ್ ಎಂಬ ದ್ಯುತಿ ಎಂಜಿನಿಯರ್ ಎರಡು ಚಿತ್ರಗಳನ್ನೂ ಹೋಲಿಸಿದಾಗ, ಇಳಿಜಾರಿನ ಕೆಲವು ಸಣ್ಣ ಕಲ್ಲುಗಳು ಸ್ಥಳ ಬದಲಿಸಿದ್ದು ಕಂಡಿತು. ರಸ್ತೆ ಖಾಲಿಯಿರುವ ಚಿತ್ರದಲ್ಲಿ ಅವು ಮೇಲಿದ್ದವು. ಗುಂಡುಗಳಿರುವ ಚಿತ್ರದಲ್ಲಿ ಕೆಳಗಿದ್ದವು. ಓಡಾಡಿದವರ ಕಾಲು ತಗಲಿದ ಕಲ್ಲು ಗುರುತ್ವದಿಂದ ಕೆಳಕ್ಕೆ ಉರುಳುತ್ತದೆ. ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಆದ್ದರಿಂದ ಖಾಲಿ ರಸ್ತೆಯ ಚಿತ್ರವೇ ಮೊದಲನೆಯದು. ಮಾರಿಸ್ ಈ ಶೋಧವನ್ನು 2007ರಲ್ಲಿ ಪ್ರಕಟಿಸಿದರು.

ಕ್ರಮದ ಮಟ್ಟಿಗೆ ಸಾಂಟಾಗ್ ಅವರ ಮಾತು ಸರಿಯಾಯಿತು. ಆದರೆ ಗುಂಡುಗಳನ್ನು ಸರಿಸಿದವರು ಯಾರು? ಫೆಂಟನ್ನನ ಸಹಾಯಕರೇ, ಬೇರೆ ಕಾರಣಕ್ಕೆ ಅಲ್ಲಿಗೆ ಬಂದ ಸೈನಿಕರೇ? ಉದ್ದೇಶವೇನು? ಗುರುತ್ವ ನಿಯಮ ಇದಕ್ಕೆ ಉತ್ತರಿಸಲಾರದು. ಘಟನೆಗಳ ಕ್ರಮ ತಿಳಿದ ಮಾತ್ರಕ್ಕೆ ಒಬ್ಬನನ್ನು ವಂಚಕನೆಂದು ತೀರ್ಮಾನಿಸಿದರೆ ಅದೂ ಪಕ್ಷಪಾತವೇ. ಅಲ್ಲದೆ, ಗುಂಡುಗಳು ಆ ಕಣಿವೆಯಲ್ಲಿ ಬಿದ್ದದ್ದು ನಿಜ. ರಸ್ತೆಯ ಮೇಲಿನ ಅವುಗಳ ಸ್ಥಾನವಷ್ಟೇ ಪ್ರಶ್ನಾರ್ಹ.

ಪ್ರಯೋಗಾಲಯದಲ್ಲಿ ಮಾಪಕವನ್ನು ಓದುವ ಮೊದಲು ಅದರ ದೋಷವನ್ನು ಗುರುತಿಸಲು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಚಿತ್ರವನ್ನೂ ಹಾಗೆಯೇ ಓದಬೇಕು. ಯಾವ ಉಪಕರಣ? ಎಲ್ಲಿ ನಿಂತು ತೆಗೆದದ್ದು? ಚೌಕಟ್ಟಿನ ಹೊರಗೆ ಏನಿತ್ತು? ಶಿಕ್ಷಕರು ಒಂದು ಚಟುವಟಿಕೆ ಮಾಡಿಸಬಹುದು. ಶಾಲೆಯಂಗಳದ ಮರಳುರಾಶಿಯನ್ನು ಮೊಬೈಲಿನಲ್ಲಿ ಒಂದೇ ಕಡೆಯಿಂದ ಎರಡು ಬಾರಿ ಚಿತ್ರಿಸಿ, ಸಮಯವನ್ನು ಮರೆಮಾಡಿ, ಯಾವುದು ಮೊದಲು ಎಂದು ಕೇಳಿ. ಉತ್ತರಕ್ಕಿಂತ ಅವರು ಕೊಡುವ ಆಧಾರಕ್ಕೆ ಹೆಚ್ಚು ಅಂಕ ನೀಡಿ.