ಟರ್ನಿಪ್ ಗೆಡ್ಡೆಯ ದೀಪ

ಐರ್ಲೆಂಡಿನ ಪಶ್ಚಿಮಕ್ಕೆ ಮೇಯೋ ಎಂಬ ಪ್ರಾಂತವಿರುವುದು. ಅಲ್ಲಿಯ ಟರ್ಲೋ ಪಾರ್ಕ್ ಎಂಬಲ್ಲಿ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮಜೀವನ ಶಾಖೆಯನ್ನು 2001ರಲ್ಲಿ ತೆರೆಯಲಾಯಿತು. ಒಕ್ಕಲುತನದ ಸಾಮಗ್ರಿಗಳನ್ನು ನೋಡುತ್ತ ಹೋಗುವ ಪ್ರೇಕ್ಷಕನನ್ನು ಅಲ್ಲಿ ಒಂದು ಸಣ್ಣ ಮುಖವು ತಟ್ಟನೆ ತಡೆದು ನಿಲ್ಲಿಸುತ್ತದೆ. ಅದರ ಕಣ್ಣುಗಳು ಗುಳಿಬಿದ್ದಿವೆ. ಬಾಯಿ ಹಲ್ಲು ಕಿರಿದಿದೆ. ಅದು ಯಾವ ದೇವತೆಯ ವಿಗ್ರಹವೂ ಅಲ್ಲ, ಯಾವ ಶಿಲ್ಪಿಯ ಕೃತಿಯೂ ಅಲ್ಲ. ಹ್ಯಾಲೋವೀನ್ ರಾತ್ರಿಗೆಂದು ಕೊರೆದ ಟರ್ನಿಪ್ ಗೆಡ್ಡೆಯೊಂದರ ಪಡಿಯಚ್ಚು ಅದು.

ಅಕ್ಟೋಬರ್ 31ರ ರಾತ್ರಿಗೆ ಹ್ಯಾಲೋವೀನ್ ಎಂದು ಹೆಸರು. ಮರುದಿನ ಕ್ರೈಸ್ತರು ಸಕಲ ಸಂತರನ್ನು ಸ್ಮರಿಸುವ ಹಬ್ಬ. ಅದರ ಮರುದಿನ ಗತಿಸಿದವರ ಆತ್ಮಗಳಿಗಾಗಿ ಪ್ರಾರ್ಥನೆ. ಗೇಲಿಕ್ ಜನರಿಗಾದರೋ ನವಂಬರ್ 1 ಸೌಯಿನ್ ಎಂಬ ಪರ್ವವಾಗಿತ್ತು. ಬೇಸಗೆಯ ಹುಲ್ಲುಗಾವಲಿನಿಂದ ದನಗಳನ್ನು ಹಟ್ಟಿಗೆ ಇಳಿಸಿ ತರುವ, ಚಳಿಗಾಲವು ಮೊದಲಾಗುವ ಸಂಧಿಕಾಲವದು. ಆ ರಾತ್ರಿ ಕಾಣದ ಲೋಕದವರು ಕಾಣುವ ಲೋಕದೊಳಕ್ಕೆ ಬರುವರೆಂಬ ನಂಬಿಕೆಯು ಐರ್ಲೆಂಡಿನ ಮಧ್ಯಯುಗದ ಕಥೆಗಳಲ್ಲಿಯೇ ತೋರಿಬರುತ್ತದೆ.

ಇಂಥ ರಾತ್ರಿಗೆ ಬಡ ಒಕ್ಕಲುಮಕ್ಕಳ ಕೈಗೆ ಸಿಕ್ಕಿದ್ದು ಹೊಲದ ಗೆಡ್ಡೆ. ಅದರ ತಲೆಯನ್ನು ಕತ್ತರಿಸಿ ಒಳಗಣ ತಿರುಳನ್ನು ಚಮಚದಿಂದ ಕೆರೆದು ತೆಗೆಯುವರು. ತಿರುಳು ಗಟ್ಟಿ; ಕೈ ನೋಯುವಷ್ಟು ಹೊತ್ತು ಕೆರೆಯಬೇಕು. ಗೋಡೆಯು ತೆಳುವಾದ ಮೇಲೆ ಕಣ್ಣು, ಮೂಗು, ಬಾಯಿಗಳನ್ನು ಕೊರೆದು, ಮೇಣದ ಬತ್ತಿಯ ತುಂಡನ್ನು ಒಳಗೆ ನಿಲ್ಲಿಸಿ, ದಾರ ಕಟ್ಟಿ ಹಿಡಿದರೆ ದೀಪ ಸಿದ್ಧ. ದನಕ್ಕೆ ಮೇವಾಗಬೇಕಾಗಿದ್ದ ಗೆಡ್ಡೆಯು ಒಂದು ರಾತ್ರಿಯ ಮಟ್ಟಿಗೆ ಭೂತವಾಗುವುದು. ಸ್ಕಾಟ್ಲೆಂಡಿನಲ್ಲಿಯೂ ಈ ರೂಢಿಯಿತ್ತು.

ಈ ದೀಪವು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಹೇಳುವವರು ಬಹಳ. ಪರಾಮರ್ಶಿಸಿ ನೋಡಿದರೆ ಈ ಮಾತಿಗೆ ಆಧಾರವಿಲ್ಲ. ಟರ್ನಿಪ್ ಹೊಲದ ಬೆಳೆಯಾಗಿ ಆ ನಾಡಿನಲ್ಲಿ ಹರಡಿದ್ದು 18ನೆಯ ಶತಮಾನದಿಂದೀಚೆಗೆ. ದೀಪದ ಉಲ್ಲೇಖಗಳು ದೊರೆಯುವುದು 19ನೆಯ ಶತಮಾನದವು. ಪರ್ವವು ಪುರಾತನ, ದೀಪವು ಈಚಿನದು. ಜ್ಯಾಕ್ ಎಂಬ ಧೂರ್ತನು ಸೈತಾನನನ್ನೇ ವಂಚಿಸಿ, ಸತ್ತ ಮೇಲೆ ಸ್ವರ್ಗ ನರಕಗಳೆರಡರಿಂದಲೂ ಹೊರಗುಳಿದು, ಗೆಡ್ಡೆಯಲ್ಲಿ ಕೆಂಡವನ್ನಿಟ್ಟುಕೊಂಡು ಅಲೆಯುವನೆಂಬ ಐತಿಹ್ಯವೊಂದಿದೆ. 'ಜ್ಯಾಕ್-ಓ-ಲ್ಯಾಂಟರ್ನ್' ಎಂಬ ಹೆಸರಿಗೆ ಇದೇ ಮೂಲವೆಂದು ಪ್ರತೀತಿ. ಆದರೆ 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಪದವು ರಾತ್ರಿಯ ಕಾವಲುಗಾರನಿಗೂ, ಜೌಗಿನ ಮೇಲೆ ಮಿನುಗುವ ಕೊಳ್ಳಿದೆವ್ವದ ಬೆಳಕಿಗೂ ಸಲ್ಲುತ್ತಿತ್ತು.

1845ರಿಂದ 1852ರ ವರೆಗೆ ಆಲೂಗೆಡ್ಡೆಗೆ ರೋಗ ತಗುಲಿ ಐರ್ಲೆಂಡು ಕ್ಷಾಮಕ್ಕೆ ತುತ್ತಾಯಿತು. ಸುಮಾರು 10 ಲಕ್ಷ ಜನರು ಮಡಿದರು. ಅದಕ್ಕೂ ಹೆಚ್ಚು ಜನರು ದೇಶ ಬಿಟ್ಟರು. ಅಮೆರಿಕೆಯನ್ನು ಸೇರಿದವರು ಅಲ್ಲಿ ಕುಂಬಳಕಾಯಿಯನ್ನು ಕಂಡು ಗೆಡ್ಡೆಯನ್ನು ತೊರೆದರೆಂಬುದು ಎಲ್ಲರೂ ಹೇಳುವ ಕಥೆ. ಇದು ಅರ್ಧಸತ್ಯ. 1807ರಲ್ಲಿ ಹುಟ್ಟಿದ ಅಮೆರಿಕೆಯ ಕವಿ ವಿಟ್ಟಿಯರ್, ಬಾಲ್ಯದಲ್ಲಿ ಕುಂಬಳಕಾಯಿಯ ಮೇಲೆ ವಿಕಾರ ಮುಖಗಳನ್ನು ಕೊರೆದು ಬತ್ತಿಯಿಡುತ್ತಿದ್ದುದನ್ನು ತನ್ನ ಕವಿತೆಯೊಂದರಲ್ಲಿ ನೆನೆದಿದ್ದಾನೆ. ಅದು ಸುಗ್ಗಿಯ ಕೃತಜ್ಞತೆಯ ಹಬ್ಬದ ಕವಿತೆ; ಹ್ಯಾಲೋವೀನಿನದಲ್ಲ. ಎಂದರೆ ಕ್ಷಾಮಕ್ಕೆ ಮೊದಲೇ ಅಲ್ಲಿ ಕುಂಬಳದ ದೀಪವಿತ್ತು. ವಲಸೆ ಬಂದವರು ತಂದದ್ದು ರಾತ್ರಿಯನ್ನು. ನೆಲದಲ್ಲಿದ್ದ ದೀಪವು ಅದಕ್ಕೆ ಒದಗಿಬಂದಿತು. 19ನೆಯ ಶತಮಾನವು ಮುಗಿಯುವಷ್ಟರಲ್ಲಿ ಎರಡೂ ಒಂದಾಗಿದ್ದವು. ಮೊದಲೇ ಟೊಳ್ಳಾದ ಕಾಯಿ ಚಾಕುವಿಗೆ ಸುಲಭವಾಗಿ ಒಲಿಯುವುದೂ ಇದಕ್ಕೆ ಅನುಕೂಲವಾಯಿತು.

ಇತ್ತ ತೌರಿನಲ್ಲಿ ಗೆಡ್ಡೆಯ ದೀಪವು ಮಂಕಾಗುತ್ತ ಬಂದಿತು. ಐರ್ಲೆಂಡಿನ ಜಾನಪದ ಆಯೋಗವು 1937ರಿಂದ 1939ರ ವರೆಗೆ ಸುಮಾರು 5,000 ಶಾಲೆಗಳ ಮಕ್ಕಳಿಂದ ಅವರ ಹಿರಿಯರ ಕಥೆ, ರೂಢಿ, ನಂಬಿಕೆಗಳನ್ನು ಬರೆಯಿಸಿಕೊಂಡಿತು. ಮಾತನ್ನು ಕಾಗದಕ್ಕೆ ಇಳಿಸಬಹುದು. ಕೊಳೆಯುವ ಗೆಡ್ಡೆಯನ್ನು ಎಲ್ಲಿಡುವುದು? 1943ರಲ್ಲಿ ಡೊನೆಗಾಲ್ ಪ್ರಾಂತದ ಫಿನ್‌ಟೌನ್ ಎಂಬ ಹಳ್ಳಿಯ ಶಾಲಾ ಉಪಾಧ್ಯಾಯಿನಿಯೊಬ್ಬರು ಇಂಥದೊಂದು ದೀಪವನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಅದನ್ನು ಮಾಡುವವರು ಈಗ ಯಾರೂ ಇಲ್ಲ, ಊರಿನಲ್ಲಿ ಅದರ ನೆನಪು ಮಾತ್ರ ಇದೆ ಎಂಬುದು ಅವರು ಕೊಟ್ಟ ಕಾರಣ. ಗೆಡ್ಡೆಯು ಶಿಥಿಲವಾಗುತ್ತಿದ್ದುದರಿಂದ ಅಲ್ಲಿಯವರು ಅದರ ಅಚ್ಚು ತೆಗೆದರು. ಮೂಲವು ಮಣ್ಣಾಯಿತು, ಮುಖವು ಉಳಿಯಿತು.

ಅರಸರ ಕಿರೀಟಗಳನ್ನು ಕಾಯಲು ಕಾವಲುಗಾರರಿರುತ್ತಾರೆ. ಮಕ್ಕಳು ಒಂದು ರಾತ್ರಿಗಾಗಿ ಮಾಡಿ ಬೆಳಗಾಗುತ್ತಲೆ ಎಸೆಯುವ ವಸ್ತುವಿಗೆ ಕಾವಲು ಯಾರು? ಆ ಉಪಾಧ್ಯಾಯಿನಿಯು ದೀಪಕ್ಕೆ ಎರಡು ಸಾವಿರ ವರ್ಷಗಳ ವಯಸ್ಸನ್ನು ಕಟ್ಟಲಿಲ್ಲ. ತನ್ನ ಊರಿನಲ್ಲಿ ಇದಿತ್ತು, ಇನ್ನು ಇರಲಾರದು ಎಂದಷ್ಟೇ ತಿಳಿದು ಅದನ್ನು ಒಪ್ಪಿಸಿದರು. ಇಂದು ಐರ್ಲೆಂಡಿನ ಅಂಗಡಿಗಳಲ್ಲಿಯೂ ಹ್ಯಾಲೋವೀನಿಗೆ ಕುಂಬಳಕಾಯಿಯೇ ರಾಶಿಬೀಳುತ್ತದೆ. ಅದಕ್ಕಿಂತ ಮುಂಚೆ ಅಲ್ಲಿ ಉರಿದದ್ದು ಏನು ಎಂದು ಕೇಳುವ ಮಗುವಿಗೆ ತೋರಿಸಲು ಟರ್ಲೋ ಪಾರ್ಕಿನಲ್ಲಿ ಆ ಸಣ್ಣ ಮುಖವಿದೆ.