ಗೇಮ್ ಮಾಡಬೇಕೆಂದರೆ ಮೊದಲು ಸಿ ಪ್ಲಸ್ ಪ್ಲಸ್ ಕಲಿಯಲೇಬೇಕೆ?

'ಮಗ ಗೇಮ್ ಆಡ್ತಾನೆ ಅಂತ ಬೈಯಬೇಡಿ, ಗೇಮ್ ಮಾಡೋದು ಕಲಿಸಿ' ಎಂದು ಶುರುವಾಗುವ ಸಂದೇಶಗಳು ಬೇಸಿಗೆ ರಜೆ ಹತ್ತಿರವಾದಂತೆ ಫ್ಯಾಮಿಲಿ ಗ್ರೂಪುಗಳಿಗೆ ಬಂದು ಬೀಳುತ್ತವೆ. ಈ ಮೊದಲ ಸಾಲಿನ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಕೆಳಗಿನ ಸಾಲುಗಳ ಬಗ್ಗೆ: ನಿಜವಾದ ಗೇಮ್‌ಗಳೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲೇ ತಯಾರಾಗುತ್ತವೆ, ಸ್ಕ್ರ್ಯಾಚ್ ಮತ್ತು ಪೈಥಾನ್ ಬರೀ ಮಕ್ಕಳಾಟ, ಸರ್ಕಾರ ಆರನೇ ತರಗತಿಯಿಂದ ಕೋಡಿಂಗ್ ಕಡ್ಡಾಯ ಮಾಡಿದೆ, ಇಂದೇ ಸೇರಿಸಿ. ಕೊನೆಗೆ ಶುಲ್ಕದ ವಿವರ. ಹಣ ಕಟ್ಟುವ ಮೊದಲು ಇದರಲ್ಲಿ ಎಷ್ಟು ನಿಜವಿದೆ ನೋಡೋಣ.

ಸರ್ಕಾರದ ವಿಷಯ ಬೇಗ ಮುಗಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಆರರಿಂದ ಎಂಟನೇ ತರಗತಿಯ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳನ್ನು ಪರಿಚಯಿಸಬೇಕು ಎಂಬ ಮಾತಿದೆ. ಅದಕ್ಕಾಗಿ ಖಾಸಗಿ ಕ್ಲಾಸಿಗೆ ಸೇರಬೇಕೆಂದು ಅದರಲ್ಲಿ ಎಲ್ಲೂ ಇಲ್ಲ.

ಸಿ ಪ್ಲಸ್ ಪ್ಲಸ್ ಕುರಿತ ಮಾತು ಅರ್ಧ ನಿಜ. ದೊಡ್ಡ ಕಂಪನಿಗಳ ಭಾರೀ ಗೇಮ್‌ಗಳ ಹಿಂದೆ ಇರುವುದು ಹೆಚ್ಚಾಗಿ ಅದೇ ಭಾಷೆ. ಕಾರಣ ವೇಗ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಸಾವಿರಾರು ವಸ್ತುಗಳು, ನೆರಳು, ಬೆಳಕು ಎಲ್ಲದರ ಲೆಕ್ಕ ಮುಗಿಯಬೇಕು. ಕಂಪ್ಯೂಟರಿನ ಮೆಮೊರಿಯನ್ನು ಪ್ರೋಗ್ರಾಮರ್ ತಾನೇ ನಿಭಾಯಿಸಲು ಬಿಡುವ ಭಾಷೆ ಅಲ್ಲಿ ಬೇಕಾಗುತ್ತದೆ. ಆದರೆ ಹೆಸರು ಮಾಡಿದ ಗೇಮ್‌ಗಳೆಲ್ಲ ಹಾಗೆಯೇ ಹುಟ್ಟಿದವಲ್ಲ. ಮೈನ್‌ಕ್ರಾಫ್ಟ್ ಮೊದಲು ಬಂದದ್ದು ಜಾವಾದಲ್ಲಿ. 2024ರಲ್ಲಿ ಹೆಸರಾದ ಇಸ್ಪೀಟಿನ ಆಟ ಬಲಾಟ್ರೋ, ಬ್ರೆಜಿಲ್‌ನ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಲುವಾ ಎಂಬ ಪುಟ್ಟ ಭಾಷೆಯಲ್ಲಿದೆ. ಯೂನಿಟಿ ಬಳಸಿ ಗೇಮ್ ಮಾಡುವವರು ಬರೆಯುವುದು ಸಿ ಶಾರ್ಪ್.

ಈಗ ಒಂದು ಸಣ್ಣ ಆಟ ಊಹಿಸಿಕೊಳ್ಳಿ. ಮೇಲಿನಿಂದ ಮಾವಿನಹಣ್ಣು ಬೀಳುತ್ತದೆ, ಕೆಳಗೆ ಬುಟ್ಟಿಯನ್ನು ಎಡಕ್ಕೆ ಬಲಕ್ಕೆ ಸರಿಸಿ ಹಿಡಿಯಬೇಕು, ಹಿಡಿದರೆ ಒಂದು ಅಂಕ. ಇದರೊಳಗೆ ನಡೆಯುವುದು ಇಷ್ಟೆ: ಯಾವ ಬಟನ್ ಒತ್ತಿದ್ದಾರೆ ನೋಡು, ಹಣ್ಣನ್ನು ಸ್ವಲ್ಪ ಕೆಳಗಿಳಿಸು, ಬುಟ್ಟಿಗೆ ತಾಗಿತೇ ಪರೀಕ್ಷಿಸು, ಚಿತ್ರವನ್ನು ಮತ್ತೆ ಬಿಡಿಸು. ಮತ್ತೆ ಮೊದಲಿನಿಂದ. ಇದನ್ನು 'ಗೇಮ್ ಲೂಪ್' ಎನ್ನುತ್ತಾರೆ. ಯಾವ ಭಾಷೆಯಲ್ಲಿ ಬರೆದರೂ ಈ ಸುತ್ತು ಬದಲಾಗುವುದಿಲ್ಲ. ಬದಲಾಗುವುದು, ಮೊದಲ ಹಣ್ಣು ಬೀಳುವುದಕ್ಕೆ ಮುಂಚೆ ಎಷ್ಟು ಒದ್ದಾಡಬೇಕು ಎಂಬುದು. ಸಿ ಪ್ಲಸ್ ಪ್ಲಸ್‌ನಲ್ಲಿ ಕಂಪೈಲರ್ ಹಾಕಿ, ಚಿತ್ರ ತೋರಿಸಲು ಬೇರೆ ಲೈಬ್ರರಿ ತಂದು ಜೋಡಿಸಬೇಕು. ಅಲ್ಲಿ ಬರುವ ಎರರ್‌ಗಳು ಅನುಭವಿಗಳನ್ನೂ ಸುಸ್ತು ಮಾಡುತ್ತವೆ. ಹತ್ತು ವರ್ಷದ ಮಗು ಅಲ್ಲೇ ಕೈಚೆಲ್ಲಿ 'ನನಗೆ ಕೋಡಿಂಗ್ ಬರಲ್ಲ' ಎಂದುಕೊಂಡರೆ ತಪ್ಪು ಮಗುವಿನದಲ್ಲ.

ಸ್ಕ್ರ್ಯಾಚ್‌ನಲ್ಲಿ ಇದೇ ಆಟಕ್ಕೆ ಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದರ ಕೆಳಗೊಂದು ಅಂಟಿಸಿದರೆ ಸಾಕು. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದು ಪೂರ್ತಿ ಉಚಿತ. ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದು ಮಾಡಿದ್ದು. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಇದು ಮಕ್ಕಳಾಟವೇ, ನಿಜ. ಆದರೆ 'ತಾಗಿದರೆ ಅಂಕ ಹೆಚ್ಚಿಸು' ಎಂಬ ಬ್ಲಾಕ್ ಜೋಡಿಸಿದ ಮಗು ಕಲಿತದ್ದು ಶರತ್ತು, ಪುನರಾವರ್ತನೆ, ವೇರಿಯಬಲ್. ಮುಂದೆ ಸಿ ಪ್ಲಸ್ ಪ್ಲಸ್‌ನಲ್ಲಿ ಬೇಕಾಗುವುದೂ ಇವೇ.

ಟೈಪ್ ಮಾಡಲು ಬೇಸರಪಡದ ಹೈಸ್ಕೂಲು, ಪಿಯುಸಿ ಮಕ್ಕಳಿಗೆ, ಗೇಮ್ ಮಾಡಬೇಕೆಂಬ ಆಸೆಯಿರುವ ದೊಡ್ಡವರಿಗೆ ನಾವು ಹೇಳುವುದು ಪೈಥಾನ್. ಜೊತೆಗೆ ಪೈಗೇಮ್ ಎಂಬ ಉಚಿತ ಲೈಬ್ರರಿ ಬೇಕು. ಇಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೂ ಅರ್ಥವಿದೆ, ಅದು ತಪ್ಪಿದರೆ ಎರರ್. ಮೊದಲ ವಾರದ ತಲೆನೋವೆಲ್ಲ ಬಹುಪಾಲು ಇದರದ್ದೇ. ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. 'ಅಂಕ = ಅಂಕ + 1' ಎಂದು ಬರೆದರೆ ಕಂಪ್ಯೂಟರ್ ಗೊಣಗದೆ ಒಪ್ಪಿಕೊಳ್ಳುತ್ತದೆ. ಇಫ್, ವೈಲ್‌ನಂಥ ಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಪೈಗೇಮ್‌ನ ಕೊರತೆ ಎಂದರೆ, ಮಾಡಿದ ಆಟವನ್ನು ಗೆಳೆಯರ ಮೊಬೈಲಿಗೆ ಕಳಿಸುವುದು ಸಲೀಸಲ್ಲ. ಲಿಂಕ್ ಕಳಿಸಿದ ಕೂಡಲೇ ಆಡುವಂತಿರಬೇಕು ಎಂಬ ಆಸೆಯಿದ್ದರೆ ಜಾವಾಸ್ಕ್ರಿಪ್ಟ್ ನೋಡಿ. ಅದು ಬ್ರೌಸರಿನ ಸ್ವಂತ ಭಾಷೆ. ಇವುಗಳ ನಂತರದ ಮೆಟ್ಟಿಲಿಗೆ ಗೋಡಾಟ್ ಎಂಬ ಉಚಿತ ಗೇಮ್ ಎಂಜಿನ್ ಇದೆ. ಅದರ ಭಾಷೆ ಪೈಥಾನ್‌ನಂತೆಯೇ ಕಾಣುವುದರಿಂದ ಹತ್ತುವುದು ಕಷ್ಟವಾಗದು.

ಮನೆಯಲ್ಲಿ ಕಂಪ್ಯೂಟರೇ ಇಲ್ಲದಿದ್ದರೆ? ನಮ್ಮ ಓದುಗರಲ್ಲಿ ಬಹಳ ಮಂದಿಯ ಸ್ಥಿತಿ ಇದೇ ಇರಬಹುದು, ಫಾರ್ವರ್ಡ್‌ಗಳು ಮರೆಯುವುದೂ ಇದನ್ನೇ. ಫೋನಿನ ಸಣ್ಣ ಕೀಬೋರ್ಡಿನಲ್ಲಿ ಕೋಡ್ ಟೈಪ್ ಮಾಡುವುದು ಶಿಕ್ಷೆ. ಸ್ಕ್ರ್ಯಾಚ್ ಕೂಡ ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್‌ಗೆ ಒಗ್ಗಿದಂತೆ ಫೋನಿಗೆ ಒಗ್ಗುವುದಿಲ್ಲ. ಆದರೆ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಶುರುವಾದ ಪಾಕೆಟ್ ಕೋಡ್ ಎಂಬ ಆ್ಯಪ್ ಫೋನಿಗಾಗಿಯೇ ಮಾಡಿದ್ದು. ಅಲ್ಲೂ ಬ್ಲಾಕ್‌ಗಳೇ, ಅದೂ ಉಚಿತವೇ.

ಇವನ್ನೆಲ್ಲ ಪ್ಲೇ ಸ್ಟೋರ್ ಅಥವಾ ಆಯಾ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 'ಕೋಡಿಂಗ್ ಕಲಿಸುವ ಆ್ಯಪ್' ಎಂದು ಗ್ರೂಪಿನಲ್ಲಿ ಬರುವ ಎಪಿಕೆ ಫೈಲ್ ಮುಟ್ಟಬೇಡಿ. ಕ್ಲಾಸಿಗೇ ಸೇರಿಸುವುದಾದರೆ, ಮೊದಲ ವಾರ ಮಗು ಏನು ಮಾಡಿ ತೋರಿಸುತ್ತದೆ ಎಂದು ಕೇಳಿ. ಬುಟ್ಟಿಗೆ ಹಣ್ಣು ಬೀಳುವಷ್ಟಾದರೂ ಆಗದಿದ್ದರೆ ಶುಲ್ಕ ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.